ಕ್ಯುಸೆಕ್ ಲೆಕ್ಕ ನಮ್ಮೂರ ಗೋಡೆ ಮೇಲೆ ಎಲ್ಲಿಗೆ ಬರುತ್ತದೆ?

ಪ್ರಶ್ನೆ: ನಾನು ಸಿರುಗುಪ್ಪ ತಾಲ್ಲೂಕಿನ ಹೊಳೆದಂಡೆಯ ಊರೊಂದರಲ್ಲಿ ಸೊಸೈಟಿ ಕಾರ್ಯದರ್ಶಿ. ನಮ್ಮಲ್ಲಿ ಐದು ಜನ ಸಿಬ್ಬಂದಿ, ಒಂದು ಗೊಬ್ಬರದ ಗೋದಾಮು, ಅದರ ಪಕ್ಕದಲ್ಲೇ ರೇಷನ್ ಅಂಗಡಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ ಗೇಟು ಕೊಚ್ಚಿಹೋದ ರಾತ್ರಿ ಒಂದು ಗಂಟೆಗೆ ಊರಲ್ಲಿ ಯಾರೋ 'ಡ್ಯಾಂ ಒಡೀತಂತೆ' ಅಂದರು. ಅರ್ಧ ಊರು ಟ್ರ್ಯಾಕ್ಟರ್ ಹತ್ತಿತು. ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ಅಧ್ಯಕ್ಷರ ಫೋನ್ ಹತ್ತಲಿಲ್ಲ, ಗೋದಾಮಿನ ಒಂದು ಕೀ ಅವರ ಹತ್ತಿರವೇ ಇತ್ತು. ಆಮೇಲೆ ಒಬ್ಬರಿಂದ 80 ಪುಟದ ವಿಪತ್ತು ನಿರ್ವಹಣಾ ಯೋಜನೆ ಬರೆಸಿದ್ದೇವೆ, ಕಪಾಟಿನಲ್ಲಿದೆ. ಅಷ್ಟು ಸಾಕೇ? ಸಣ್ಣ ಸಂಸ್ಥೆ, ಸಣ್ಣ ಊರು ನಿಜವಾಗಿ ಏನು ಮಾಡಿಟ್ಟುಕೊಳ್ಳಬೇಕು?

ಉತ್ತರ: ಸಾಲದು. ಹಾಗಂತ ಆ ಫೈಲನ್ನು ಬಿಸಾಡಬೇಡಿ, ಆಡಿಟ್‌ಗೆ ಬೇಕಾಗುತ್ತದೆ. ಆದರೆ ರಾತ್ರಿ ಒಂದು ಗಂಟೆಗೆ ಕರೆಂಟಿಲ್ಲದೆ, ಮೊಬೈಲ್ ಬೆಳಕಿನಲ್ಲಿ 80 ಪುಟ ಯಾರೂ ಓದುವುದಿಲ್ಲ. ಆ ಹೊತ್ತಿಗೆ ನಿಮಗೆ ಮೂರು ಸಂಗತಿ ಗೊತ್ತಿದ್ದರೆ ಸಾಕು: ಈಗ ಬರುತ್ತಿರುವ ನೀರು ನಮ್ಮೂರಲ್ಲಿ ಎಲ್ಲಿಯವರೆಗೆ ಏರುತ್ತದೆ, ಅದು ಬರಲು ಎಷ್ಟು ತಾಸು ಇದೆ, 'ಹೊರಡಿ' ಅನ್ನುವ ಅಧಿಕಾರ ಯಾರಿಗಿದೆ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಸೊಸೈಟಿಗಳಿಗೆ, ಶಾಲೆಗಳಿಗೆ, ರೈಸ್‌ಮಿಲ್ಲುಗಳಿಗೆ ನಾನು ಹಲವು ವರ್ಷಗಳಿಂದ ತರಬೇತಿ ಕೊಡುತ್ತಿದ್ದೇನೆ. ಈ ಮೂರಕ್ಕೂ ಥಟ್ಟನೆ ಉತ್ತರ ಕೊಟ್ಟ ಊರು ಸಿಕ್ಕಿದ್ದು ಬಹಳ ಕಡಿಮೆ.

ಮೊದಲು ಆ ರಾತ್ರಿಯನ್ನೇ ನೋಡೋಣ. 2024ರ ಆಗಸ್ಟ್ 10, ಶನಿವಾರ. ಡ್ಯಾಂ ತುಂಬಿತ್ತು. ಡ್ಯಾಮಿನ ನೆತ್ತಿಯ ಮೇಲಿರುವ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಆ ಒಂದು ಕಿಂಡಿಯಿಂದ ಸುಮಾರು 35,000 ಕ್ಯುಸೆಕ್ ನೀರು ನುಗ್ಗಿತು. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ 28 ಲೀಟರ್‌ಗಿಂತ ತುಸು ಹೆಚ್ಚು. ಹಾಗಾಗಿ ಆ ಕಿಂಡಿಯಲ್ಲಿ ಪ್ರತಿ ಸೆಕೆಂಡಿಗೆ ಹತ್ತಿರ ಹತ್ತಿರ 10 ಲಕ್ಷ ಲೀಟರ್, ದಿನಕ್ಕೆ ಸುಮಾರು 3 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಮಳೆಗಾಲದಲ್ಲಿ ಡ್ಯಾಂ ತುಂಬಿದ ಮೇಲೆ ಇದಕ್ಕಿಂತ ಎರಡು ಮೂರು ಪಟ್ಟು ನೀರನ್ನು ಹೊಳೆಗೆ ಬಿಟ್ಟ ವರ್ಷಗಳನ್ನು ನೀವೇ ಕಂಡಿದ್ದೀರಿ. ಮರುದಿನ ಡ್ಯಾಮಿನ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು ಲಕ್ಷದ ಆಸುಪಾಸು ಕ್ಯುಸೆಕ್ ಬಿಟ್ಟರಲ್ಲ, ನದಿಪಾತ್ರದ ಊರುಗಳು ಎಚ್ಚರ ವಹಿಸಬೇಕಾದದ್ದು ಆ ನೀರಿಗೆ. ನಿಮ್ಮ ಊರು ಓಡಿದ್ದು 'ಒಡೀತು' ಎಂಬ ಮಾತಿಗೆ. ಅಂಕಿ ಏನೆಂದು ಯಾರೂ ಕೇಳಲಿಲ್ಲ, ಕೇಳಿದ್ದರೂ ಅದರ ಅರ್ಥ ಹೇಳುವವರು ಇರಲಿಲ್ಲ. ಇದು ನಿಮ್ಮ ತಪ್ಪಲ್ಲ. ಡ್ಯಾಮಿನ ಅಂಕಿಯನ್ನು ಊರಿನ ಗೋಡೆಗೆ ಇಳಿಸುವ ಕೆಲಸವನ್ನು ನಮ್ಮಲ್ಲಿ ಯಾರೂ ಮಾಡಿಲ್ಲ. ನಿಮ್ಮ ಸಿದ್ಧತೆಯ ಮೊದಲ ಕೆಲಸ ಅದೇ ಆಗಲಿ.

ಮಾಡುವುದು ಹೀಗೆ. ಊರಲ್ಲಿ ಹೊಳೆಗೆ ಹತ್ತಿರವಿರುವ, ಎಲ್ಲರ ಕಣ್ಣಿಗೆ ಬೀಳುವ ಒಂದು ಗೋಡೆ ಹಿಡಿಯಿರಿ. ಗುಡಿಯ ಗೋಡೆ, ಶಾಲೆಯ ಕಾಂಪೌಂಡು, ನೀರಿನ ಟ್ಯಾಂಕಿನ ಕಂಬ, ಯಾವುದಾದರೂ ಆದೀತು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಆ ನೆರೆಯನ್ನು ಕಂಡವರು ನಿಮ್ಮೂರಲ್ಲಿ ಖಂಡಿತ ಇದ್ದಾರೆ. ನೀರು ಎಲ್ಲಿಗೆ ನಿಂತಿತ್ತು ಎಂದು ಅವರು ಕೈ ಇಟ್ಟು ತೋರಿಸುತ್ತಾರೆ. ಮೇಲಿನ ಗೆರೆ ಅದು. ಅದರ ಕೆಳಗೆ, ಹೊಳೆಗೆ ಇಳಿಯುವ ದಾರಿಯಲ್ಲಿ ಇನ್ನೆರಡು ಗುರುತು ಬೇಕು: ನೀರು ಎಲ್ಲಿಗೆ ಬಂದರೆ ದಂಡೆಯ ಹೊಲಗಳಿಗೆ ನುಗ್ಗುತ್ತದೆ, ಎಲ್ಲಿಗೆ ಬಂದರೆ ತಗ್ಗಿನ ಓಣಿಗೆ ಮತ್ತು ಊರು ಬಿಡುವ ರಸ್ತೆಗೆ ಬರುತ್ತದೆ. ರಸ್ತೆಯ ಗುರುತನ್ನು ಜನ ಮರೆಯುತ್ತಾರೆ. ಮನೆಗೆ ನೀರು ಬರುವುದಕ್ಕೆ ಎಷ್ಟೋ ಮೊದಲೇ ದಾರಿ ಮುಚ್ಚಿರುತ್ತದೆ. ಡ್ಯಾಮಿನಿಂದ ದೊಡ್ಡ ಪ್ರಮಾಣದಲ್ಲಿ ನೀರು ಬಿಟ್ಟಾಗೆಲ್ಲ ಕಂಪ್ಲಿ ಸೇತುವೆ ಮುಳುಗಿ ಗಂಗಾವತಿ ಕಡೆಯ ಸಂಪರ್ಕ ಕಡಿಯುವುದು ನಿಮಗೆ ಗೊತ್ತೇ ಇದೆ. ನಿಮ್ಮ ಊರಿಗೂ ಅಂಥದೊಂದು ಹಳ್ಳದ ಸೇತುವೆಯೋ ತಗ್ಗಿನ ರಸ್ತೆಯೋ ಇರುತ್ತದೆ. ನೀವು ಹೊರಡುವ ಗಳಿಗೆಯನ್ನು ಅದು ತೀರ್ಮಾನಿಸಬೇಕು, ಮನೆಯ ಹೊಸ್ತಿಲಲ್ಲ.

ಇನ್ನು ಒಂದು ನೋಟ್‌ಬುಕ್ ಇಡಿ. ಡ್ಯಾಮಿನಿಂದ ಎಷ್ಟು ಕ್ಯುಸೆಕ್ ಬಿಟ್ಟರು, ಯಾವ ದಿನ, ಎಷ್ಟು ಗಂಟೆಗೆ. ನಿಮ್ಮ ಗುರುತಿಗೆ ನೀರು ಎಷ್ಟು ಗಂಟೆಗೆ ಬಂತು. ಪ್ರತಿ ಸಲ ನೀರು ಬಿಟ್ಟಾಗಲೂ ಒಂದು ಸಾಲು ಬರೆದರೆ ಸಾಕು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನಿಮ್ಮ ಸೊಸೈಟಿಯ ಹತ್ತಿರ ಯಾವ ಇಲಾಖೆಯಲ್ಲೂ ಸಿಗದ ಲೆಕ್ಕ ಇರುತ್ತದೆ. ಇಂಥ ನೋಟ್‌ಬುಕ್ಕನ್ನು ನಾನು ಒಂದು ಊರಲ್ಲಿ ನೋಡಿದ್ದೇನೆ. ರೇಷನ್ ಅಂಗಡಿ ನಡೆಸುವ ಹೆಣ್ಣುಮಗಳು ಅಕ್ಕಿ ಸ್ಟಾಕ್ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲೇ ಬರೆದಿದ್ದಳು. ಒಂದು ಸಾಲಿನ ಪಕ್ಕ ಕೆಂಪು ಪೆನ್ನಿನಲ್ಲಿ 'ರಸ್ತೆ ಬಂದ್, ಹಾಲಿನ ಗಾಡಿ ಬರಲಿಲ್ಲ' ಅಂತಿತ್ತು. ನನ್ನ ಲೆಕ್ಕಕ್ಕೆ ಆ ಒಂದು ಸಾಲು 80 ಪುಟಕ್ಕೆ ಸಮ.

ಒಂದು ಎಚ್ಚರಿಕೆ, ಇದು ನಿಮ್ಮ ತಾಲ್ಲೂಕಿಗೆ ವಿಶೇಷವಾಗಿ. ಡ್ಯಾಮಿನ ಅಂಕಿಯೊಂದನ್ನೇ ನಂಬಿ ಕೂರಬೇಡಿ. 2009ರಲ್ಲಿ ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ಮೇಲೇ ವಿಪರೀತ ಮಳೆ ಸುರಿಯಿತು. ಹಳ್ಳಕೊಳ್ಳಗಳ ನೀರೆಲ್ಲ ಹೊಳೆಗೆ ಸೇರಿ ಕೆಳಗೆ ಮಂತ್ರಾಲಯವೇ ಮುಳುಗಿತು. ಡ್ಯಾಮಿನ ಕೆಳಗೆ ಬಿದ್ದ ಮಳೆಗೆ ಗೇಟಿಲ್ಲ, ಮುನ್ಸೂಚನೆಯ ಕ್ಯುಸೆಕ್ಕೂ ಇಲ್ಲ. ಸಿರುಗುಪ್ಪ ಸೀಮೆಗೆ ಹಗರಿ ಬೇರೆ ಇದೆ. ಎಷ್ಟೋ ವರ್ಷ ಬರೀ ಮರಳಾಗಿ ಬಿದ್ದಿರುವ ಹೊಳೆ ಅಂತ ಜನ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. 2022ರಲ್ಲಿ ಅದೇ ಹೊಳೆಗೆ ಮೇಲೆ ಕಟ್ಟಿದ ವಾಣಿವಿಲಾಸ ಸಾಗರ ಡ್ಯಾಂ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಅದೇ ಹಗರಿ ತಾನು ಹೊಳೆ ಎಂದು ತೋರಿಸಿತು. ಹಾಗಾಗಿ ನಿಮ್ಮ ನೋಟ್‌ಬುಕ್ಕಿನಲ್ಲಿ ಮೂರು ಕಾಲಮ್ಮು ಇರಲಿ: ತುಂಗಭದ್ರಾ, ಹಗರಿ, ಊರ ಮಳೆ. ಮಳೆಯ ಅಂಕಿಗೆ ಪರದಾಡಬೇಕಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇವೆ. ಅವರ ವರುಣಮಿತ್ರ ಸಹಾಯವಾಣಿಯೂ ಇದೆ.

ಈಗ ಮೂರನೆಯ ಸಂಗತಿ, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು: ಅಧಿಕಾರ. ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು 'ಅಧ್ಯಕ್ಷರ ಫೋನ್ ಹತ್ತಲಿಲ್ಲ' ಎಂಬ ಮಾತು. ಡ್ಯಾಮಿನಿಂದ ಹೊರಟ ಎಚ್ಚರಿಕೆ ಜಿಲ್ಲಾಧಿಕಾರಿಗೆ, ಅಲ್ಲಿಂದ ತಹಶೀಲ್ದಾರರಿಗೆ, ಅಲ್ಲಿಂದ ಪಿಡಿಒ, ಗ್ರಾಮ ಆಡಳಿತಾಧಿಕಾರಿಗೆ ಬಂದು ಕಡೆಗೆ ಡಂಗುರದವನ ಕೈಗೆ ಬರುತ್ತದೆ. ಪ್ರತಿ ಮೆಟ್ಟಿಲಲ್ಲೂ ಸ್ವಲ್ಪ ಹೊತ್ತು ಹೋಗುತ್ತದೆ. ಅದನ್ನು ನೀವು ತಡೆಯಲಾರಿರಿ. ಆದರೆ ಎಚ್ಚರಿಕೆ ನಿಮ್ಮ ಕೈಗೆ ಬಂದ ಮೇಲೆ, 'ಗೋದಾಮು ತೆಗೆಯಲೋ ಬೇಡವೋ, ಹಮಾಲರಿಗೆ ಕೂಲಿ ಯಾರು ಕೊಡುತ್ತಾರೆ, ನಾಳೆ ಆಡಳಿತ ಮಂಡಳಿ ಕೇಳಿದರೆ ಏನು ಹೇಳಲಿ' ಎಂದು ಕಳೆಯುವ ಎರಡು ತಾಸನ್ನು ನೀವು ಇವತ್ತೇ ಉಳಿಸಬಹುದು. ಮುಂದಿನ ಸಭೆಯಲ್ಲಿ ಒಂದು ಠರಾವು ಮಾಡಿಸಿ. ಅದರ ಸಾರ ಇಷ್ಟು: ನೀರು ಇಂಥ ಗುರುತಿಗೆ ಬಂದರೆ, ಅಥವಾ ಡ್ಯಾಮಿನಿಂದ ಇಷ್ಟು ಕ್ಯುಸೆಕ್ ಬಿಟ್ಟ ಸುದ್ದಿ ತಹಶೀಲ್ದಾರ್ ಕಚೇರಿಯಿಂದ ಬಂದರೆ, ಕಾರ್ಯದರ್ಶಿ ಯಾರ ಅನುಮತಿಗೂ ಕಾಯದೆ ಗೋದಾಮು ತೆರೆಸಿ, ಟ್ರ್ಯಾಕ್ಟರ್ ಬಾಡಿಗೆಗೆ ಹಿಡಿದು, ಇಷ್ಟು ರೂಪಾಯಿವರೆಗೆ ಖರ್ಚು ಮಾಡಬಹುದು, ಕಾರ್ಯದರ್ಶಿ ಊರಲ್ಲಿಲ್ಲದಿದ್ದರೆ ಗುಮಾಸ್ತ, ಅವರೂ ಇಲ್ಲದಿದ್ದರೆ ರೇಷನ್ ಅಂಗಡಿಯವರು. ಮೂರು ಹೆಸರು ಬೇಕೇ ಬೇಕು. ಮದುವೆ, ಜಾತ್ರೆ, ಆಸ್ಪತ್ರೆ ಅಂತ ಇಬ್ಬರು ಒಟ್ಟಿಗೆ ಊರು ಬಿಟ್ಟಿರುವುದು ನಮ್ಮಲ್ಲಿ ಸಾಮಾನ್ಯ. ಕೀಗೂ ಇದೇ ನಿಯಮ. ಮೂರು ಕೀ, ಮೂರು ಮನೆ, ಒಂದಾದರೂ ಎತ್ತರದ ಓಣಿಯಲ್ಲಿರಲಿ.

ಸುಮ್ಮನೆ ಊರು ಬಿಡಿಸಿ ನೀರು ಬರದೇ ಹೋದರೆ ನಾಲ್ಕು ಜನ ಆಡಿಕೊಳ್ಳುತ್ತಾರೆ ಎಂಬ ಭಯ ನಿಮಗೂ ಇರಬಹುದು. ಠರಾವು ಇದ್ದರೆ ಆ ಮಾತು ನಿಮ್ಮೊಬ್ಬರ ಮೇಲೆ ಬರುವುದಿಲ್ಲ. ಗುರುತು ಮುಟ್ಟಿತು, ಮಂಡಳಿ ಒಪ್ಪಿದ್ದನ್ನು ಮಾಡಿದೆ ಅನ್ನಬಹುದು.

ಗೋದಾಮಿಗೆ ಬರೋಣ. ನಿಮ್ಮಲ್ಲಿ ಯೂರಿಯಾ, ಡಿಎಪಿ ಇರುತ್ತದೆ, ಮೂಲೆಯಲ್ಲಿ ಕೀಟನಾಶಕದ ಬಾಕ್ಸುಗಳೂ ಇರುತ್ತವೆ. ನೀರು ಬರುತ್ತದೆ ಅಂದಾಗ ಎಲ್ಲರೂ ಮೊದಲು ಕೈ ಹಾಕುವುದು ದುಡ್ಡು ಜಾಸ್ತಿಯಾದ ಗೊಬ್ಬರದ ಚೀಲಕ್ಕೆ. ನನ್ನ ಸಲಹೆ ಬೇರೆ: ಮೊದಲು ಕೀಟನಾಶಕ ಹೊರಗೆ ಹೋಗಬೇಕು. ನೆನೆದ ಯೂರಿಯಾ ಕರಗಿ ನಷ್ಟವಾಗುತ್ತದೆ, ನಿಜ. ಆದರೆ ಒಡೆದ ಔಷಧದ ಡಬ್ಬಿ ನೆರೆನೀರಿಗೆ ಸೇರಿ ಬಾವಿ, ಬೋರ್‌ವೆಲ್ ಬಾಯಿಗೆ ಹೋದರೆ ಸೊಸೈಟಿಯ ನಷ್ಟ ಊರಿನ ಕಷ್ಟವಾಗುತ್ತದೆ. ಮಳೆಗಾಲದ ಆರಂಭದಿಂದಲೇ ಅವನ್ನು ನೆಲದ ಮೇಲಿಡದೆ ಗೋಡೆಯ ಎತ್ತರದ ಅಟ್ಟಣಿಗೆಯಲ್ಲಿಡಿ. ಆಮೇಲೆ ಬೀಜ, ಆಮೇಲೆ ಗೊಬ್ಬರ. ಅಕ್ಕಿ ಸ್ಟಾಕ್ ಬೇರೆಯದೇ ವಿಚಾರ. ಅದು ಊರು ಬಿಟ್ಟವರು ತಂಗುವ ಕಾಳಜಿ ಕೇಂದ್ರದಲ್ಲಿ ಅನ್ನವಾಗುತ್ತದೆ. ಅದನ್ನು ಸಾಗಿಸುವಾಗ ಆಹಾರ ಇಲಾಖೆಯವರಿಗೆ ಒಂದು ಮಾತು ತಿಳಿಸಿ, ಚೀಲ ಎಣಿಸಿ ಇಬ್ಬರ ಸಹಿ ಮಾಡಿಸಿ.

ಒಂದು ಬಿಡುವಿನ ದಿನ ಗಡಿಯಾರ ಹಿಡಿದು ಒಂದು ಪರೀಕ್ಷೆ ಮಾಡಿ. ಇಬ್ಬರು ಹಮಾಲರು ಗೋದಾಮಿನಿಂದ ಟ್ರೇಲರಿಗೆ ಅರ್ಧ ತಾಸಿನಲ್ಲಿ ಎಷ್ಟು ಚೀಲ ಹೇರುತ್ತಾರೆ ನೋಡಿ. ಯೂರಿಯಾ 45 ಕೆಜಿ, ಡಿಎಪಿ 50 ಕೆಜಿ. ರಾತ್ರಿ, ಮಳೆಯಲ್ಲಿ, ಕೆಸರಿನಲ್ಲಿ ಅದರ ಅರ್ಧದಷ್ಟೇ ಆದೀತು ಅಂತ ಇಟ್ಟುಕೊಳ್ಳಿ. ಈಗ ನಿಮ್ಮ ನೋಟ್‌ಬುಕ್ ಹೇಳುವ ತಾಸುಗಳ ಜೊತೆ ಇದನ್ನು ತೂಗಿ ನೋಡಿ. ಇರುವ ತಾಸಿನಲ್ಲಿ ಸಾಗಿಸಲಾಗದಷ್ಟು ಸ್ಟಾಕನ್ನು ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಆ ಗೋದಾಮಿನಲ್ಲಿ ಇಡಲೇಬಾರದು. ಎತ್ತರದ ಜಾಗದಲ್ಲಿ ಯಾರದಾದರೂ ಮಿಲ್ಲಿನ ಶೆಡ್ಡಿನ ಜೊತೆ ಮೊದಲೇ ಮಾತಾಡಿ, ಬಾಡಿಗೆ ಬರೆದಿಟ್ಟುಕೊಳ್ಳಿ. ಇಷ್ಟೆಲ್ಲ ಆದ ಮೇಲೆ ವಿಮೆ ಪಾಲಿಸಿ ತೆಗೆದು ಓದಿ. ಬೆಂಕಿ, ಕಳವು ಮಾತ್ರವೋ, ಪ್ರವಾಹ ಎಂಬ ಶಬ್ದವೂ ಅದರಲ್ಲಿದೆಯೋ? ಪ್ರತಿ ತಿಂಗಳ ಒಂದನೇ ತಾರೀಕು ಸ್ಟಾಕಿನ ನಾಲ್ಕು ಫೋಟೋ ತೆಗೆದಿಡಿ.

ದಾಖಲೆ ಕಾಯುವುದಕ್ಕೆ ಒಂದು ಸರಳ ಲೆಕ್ಕ ಇದೆ: ಮೂರು ಪ್ರತಿ, ಎರಡು ರೂಪ, ಒಂದು ಬೇರೆ ಊರಲ್ಲಿ. ಕಂಪ್ಯೂಟರಿನ ಬ್ಯಾಕಪ್ ಪೆನ್‌ಡ್ರೈವನ್ನು ಅದೇ ಕಂಪ್ಯೂಟರಿನ ಟೇಬಲ್ ಡ್ರಾಯರಿನಲ್ಲಿ ಇಟ್ಟವರನ್ನು ನಾನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ. ನೀರು ಎರಡನ್ನೂ ಒಟ್ಟಿಗೇ ಒಯ್ಯುತ್ತದೆ. ಷೇರು ರಿಜಿಸ್ಟರ್, ಸಾಲದ ಲೆಡ್ಜರ್, ಅಡವಿನ ಪತ್ರಗಳ ಫೋಟೋ ತೆಗೆದು ಸಿರುಗುಪ್ಪದಲ್ಲೋ ಬಳ್ಳಾರಿಯಲ್ಲೋ ಒಂದು ಪ್ರತಿ ಇರಲಿ. ಪುಸ್ತಕ ನೆನೆದೇಬಿಟ್ಟರೆ ಬಿಸಿಲಿಗೆ ಹಾಕಬೇಡಿ, ಹಾಳೆ ಸೆಟೆದು ಶಾಯಿ ಹಾರುತ್ತದೆ. ನೆರಳಲ್ಲಿ, ಫ್ಯಾನ್ ಗಾಳಿಯಲ್ಲಿ, ಹಾಳೆಗಳ ನಡುವೆ ಶಾಯಿ ಹೀರುವ ಬಿಳಿ ಕಾಗದ ಇಟ್ಟು ಆರಿಸಿ. 48 ತಾಸು ಮೀರಿದರೆ ಬೂಸು ಹಿಡಿಯಲು ಶುರುವಾಗುತ್ತದೆ.

ಇನ್ನು ಊರು. ಜನ ಯಾಕೆ ಹೊರಡುವುದಿಲ್ಲ ಎಂಬುದನ್ನು ಅಧಿಕಾರಿಗಳು ಹಟ ಅನ್ನುತ್ತಾರೆ. ಹತ್ತಿರದಿಂದ ನೋಡಿದರೆ ಅದು ಹಟವಲ್ಲ. ದನ ಬಿಟ್ಟು ಬರಲಾರರು. ಕಾಳಜಿ ಕೇಂದ್ರ ಅಂತ ಶಾಲೆ ತೋರಿಸುತ್ತೀರಿ, ಎಮ್ಮೆ ಎಲ್ಲಿ ಕಟ್ಟಬೇಕು? ಅದಕ್ಕೆ ಉತ್ತರ ಇಲ್ಲದ ಯೋಜನೆ ರಾತ್ರಿ ಕೆಲಸಕ್ಕೆ ಬರುವುದಿಲ್ಲ. ಎತ್ತರದ ಒಂದು ಕಣವನ್ನೋ ಗೋಮಾಳವನ್ನೋ ದನಕ್ಕೆ ಅಂತ ಗೊತ್ತು ಮಾಡಿ, ಅಲ್ಲಿ ಒಂದು ಬಣವೆ ಹುಲ್ಲು, ನೀರಿನ ತೊಟ್ಟಿ ಇರುವಂತೆ ನೋಡಿಕೊಳ್ಳಿ. ಹಾಗೆ ಮಾಡಿದರೆ ಕರೆಯದಿದ್ದರೂ ಜನ ಹೊರಡುತ್ತಾರೆ. ಒಯ್ಯಲಾಗದಿದ್ದರೆ ಕಣ್ಣಿ ಬಿಚ್ಚಿಯಾದರೂ ಬರಬೇಕು ಎಂಬುದನ್ನು ಮೊದಲೇ ಊರಲ್ಲಿ ಹೇಳಿಟ್ಟಿರಬೇಕು. ಕಟ್ಟಿದ ದನಕ್ಕೆ ಈಜು ಬಂದೂ ಉಪಯೋಗವಿಲ್ಲ.

ದನ ಆದ ಮೇಲೆ ಮೋಟಾರು. ಈ ವಿಷಯದಲ್ಲಿ ನನಗೆ ಮರೆಯಲಾಗದ ಒಂದು ದೃಶ್ಯವಿದೆ. 2019ರ ಆಗಸ್ಟ್, ಹಂಪಿ ಹತ್ತಿರದ ವಿರೂಪಾಪುರ ಗಡ್ಡೆಯಲ್ಲಿ ಪ್ರವಾಸಿಗರು ಸಿಕ್ಕಿಹಾಕಿಕೊಂಡು ಹೆಲಿಕಾಪ್ಟರ್ ಬಂದ ಅದೇ ನೆರೆಯ ದಿನಗಳು. ಕೊಪ್ಪಳ ಜಿಲ್ಲೆಯ ಹೊಳೆದಂಡೆಯಲ್ಲಿ ಅಣ್ಣತಮ್ಮ ಇಬ್ಬರು ಟಾರ್ಚ್ ಹಿಡಿದು ಪಂಪ್‌ಸೆಟ್ ಎತ್ತಲು ಇಳಿದಿದ್ದರು. ನಾಲ್ಕು ಬೋಲ್ಟು ಬಿಚ್ಚಬೇಕು. ಮೂರು ಬಂದವು, ನಾಲ್ಕನೆಯದು ತುಕ್ಕು ಹಿಡಿದು ಪಾನಾ ಜಾರುತ್ತಿತ್ತು. ನೀರು ಮೊಣಕಾಲಿನಿಂದ ಸೊಂಟಕ್ಕೆ ಬಂತು. ಅಣ್ಣ ಒಂದು ಕೈಯಲ್ಲಿ ತಮ್ಮನ ಅಂಗಿ ಹಿಡಿದುಕೊಂಡು 'ಬಿಡೋ, ಹೋಗಲಿ ಬಿಡೋ' ಅಂತಿದ್ದ. ಕೊನೆಗೆ ಮೋಟಾರು ಅಲ್ಲೇ ಬಿಟ್ಟು ಮೇಲೆ ಬಂದರು, ದೇವರ ದಯೆ. ರಭಸದ ನೀರು ಅರ್ಧ ಅಡಿ ಇದ್ದರೂ ಆಳನ್ನು ಕೆಡವುತ್ತದೆ, ಎರಡು ಅಡಿ ಇದ್ದರೆ ಕಾರನ್ನೇ ತೇಲಿಸಿಕೊಂಡು ಹೋಗುತ್ತದೆ. ಆ ರಾತ್ರಿಯಿಂದ ನನ್ನ ತರಬೇತಿಯಲ್ಲಿ ಒಂದು ಸಾಲು ಸೇರಿಕೊಂಡಿದೆ: ಮೇ ತಿಂಗಳಲ್ಲಿ ಹೊಳೆಯ ಮೋಟಾರುಗಳ ಬೋಲ್ಟಿಗೆ ಗ್ರೀಸು ಹಚ್ಚಿ, ಒಂದು ಸಲ ಬಿಚ್ಚಿ ಮತ್ತೆ ಬಿಗಿಯಿರಿ, ಸರಿಯಾದ ಅಳತೆಯ ಪಾನಾವನ್ನು ಸ್ಟಾರ್ಟರ್ ಡಬ್ಬಿಯಲ್ಲೇ ಇಡಿ. ಮೊದಲ ಗುರುತಿಗೆ ನೀರು ಬಂದಾಗಲೇ, ಹಗಲಲ್ಲೇ ಮೋಟಾರು ಮೇಲೆ ಬರಲಿ. ರಾತ್ರಿ ಯಾರೂ ಹೊಳೆಗೆ ಇಳಿಯಬಾರದು ಅಂತ ಊರೇ ಒಪ್ಪಲಿ. ಸೊಸೈಟಿಯಿಂದ ಪಂಪ್‌ಸೆಟ್ ಸಾಲ ಕೊಡುವವರು ನೀವು. ಈ ಮಾತನ್ನು ಹೇಳಲು ನಿಮಗಿಂತ ಹಕ್ಕಿನವರು ಯಾರಿದ್ದಾರೆ?

ಯಾರನ್ನು ಮೊದಲು ಸಾಗಿಸಬೇಕು ಎಂಬ ಪಟ್ಟಿಗೆ ಹೊಸ ಸರ್ವೆ ಬೇಡ. ದಿನ ತುಂಬಿದ ಗರ್ಭಿಣಿಯರು, ಬಾಣಂತಿಯರು, ಹಾಸಿಗೆ ಹಿಡಿದವರು, ಡಯಾಲಿಸಿಸ್‌ಗೆ ಹೋಗುವವರು ಯಾರ್ಯಾರು ಎಂಬುದು ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿ ಟೀಚರ್‌ಗೆ ಬಾಯಿಪಾಠ. ಅವರನ್ನು ಸಭೆಗೆ ಕರೆಯಿರಿ, ಹಿಂದಿನ ಸಾಲಿನಲ್ಲಿ ಕೂರಿಸಬೇಡಿ. ಎಂಟು ತಿಂಗಳು ತುಂಬಿದವರು ಎರಡನೇ ಗುರುತಿಗೆ ಕಾಯದೆ ಮೊದಲನೆಯದಕ್ಕೇ ತಾಲ್ಲೂಕು ಆಸ್ಪತ್ರೆಯ ಹತ್ತಿರ ಇರುವ ನೆಂಟರ ಮನೆಗೆ ಹೋಗಲಿ. ಕಾಳಜಿ ಕೇಂದ್ರಕ್ಕೂ ಲೆಕ್ಕ ಇದೆ. 200 ಜನ ಇರುತ್ತಾರೆ ಅಂದರೆ ತಲೆಗೆ 15 ಲೀಟರಿನಂತೆ ದಿನಕ್ಕೆ 3,000 ಲೀಟರ್ ನೀರು, 50 ಜನಕ್ಕೆ ಒಂದರಂತೆ ಕಡಿಮೆ ಎಂದರೂ ನಾಲ್ಕು ಶೌಚಾಲಯ. ನಿಮ್ಮ ಶಾಲೆಯಲ್ಲಿ ಎಷ್ಟಿವೆ, ಎಷ್ಟಕ್ಕೆ ಬಾಗಿಲಿದೆ, ರಾತ್ರಿ ಅಲ್ಲಿಗೆ ಹೋಗುವ ದಾರಿಯಲ್ಲಿ ಬಲ್ಬು ಇದೆಯೇ, ಇವತ್ತೇ ಹೋಗಿ ನೋಡಿ. ಹೆಣ್ಣುಮಕ್ಕಳು ಕೇಂದ್ರಕ್ಕೆ ಬರಲು ಹಿಂದೇಟು ಹಾಕುವುದು ಹೆಚ್ಚಿನ ಸಲ ಈ ಬಲ್ಬಿನ ಕಾರಣಕ್ಕೆ.

ಸುದ್ದಿ ಮುಟ್ಟಿಸುವುದು ಹೇಗೆ? ಕರೆಂಟು ಹೋದ ಮೇಲೆ ಟವರಿನ ಬ್ಯಾಟರಿ ಇರುವಷ್ಟು ಹೊತ್ತು ಮಾತ್ರ ಮೊಬೈಲು. 2023ರ ಅಕ್ಟೋಬರ್ 12ರಂದು ರಾಜ್ಯದ ಫೋನುಗಳೆಲ್ಲ ಒಮ್ಮೆಗೇ ಜೋರಾಗಿ ಕೂಗಿಕೊಂಡಿದ್ದು ನೆನಪಿದೆಯೇ? ಅದು ಸರ್ಕಾರದ ಎಚ್ಚರಿಕೆ ಸಂದೇಶದ ಪರೀಕ್ಷೆ. ಆ ಸದ್ದು ಬಂದರೆ ನಿಜ ಅಂತ ನಂಬಿ. ಅದರ ಜೊತೆ ಗುಡಿ, ಮಸೀದಿಯ ಮೈಕಿಗೆ ಒಂದು ಬ್ಯಾಟರಿ, ಒಬ್ಬ ಡಂಗುರದವನು ಇರಲಿ. ಮೈಕಿನಲ್ಲಿ ಮಾತಾಡುವವರು ಇಬ್ಬರೇ ಅಂತ ಮೊದಲೇ ನಿಗದಿಯಾಗಲಿ. ಅವರು ಹೇಳುವ ಮಾತಿನಲ್ಲಿ ಗುರುತು ಇರಬೇಕು: 'ನೀರು ಎರಡನೇ ಗೆರೆಗೆ ಬಂದಿದೆ, ತಗ್ಗಿನ ಓಣಿಯವರು ಶಾಲೆಗೆ ಬನ್ನಿ.' 'ಡ್ಯಾಂ ಒಡೀತಂತೆ' ಎಂಬ ಅಂತೆಕಂತೆಗೆ ಜಾಗ ಉಳಿಯುವುದಿಲ್ಲ. ಅನುಮಾನ ಬಂದರೆ 1077ಕ್ಕೆ ಮಾಡಿ, ಜಿಲ್ಲಾಧಿಕಾರಿ ಕಚೇರಿಯ ಕಂಟ್ರೋಲ್ ರೂಮ್ ಸಿಗುತ್ತದೆ. ಪ್ರಾಣಾಪಾಯಕ್ಕೆ 112, ಆಂಬುಲೆನ್ಸಿಗೆ 108, ಕರೆಂಟಿನ ಜೆಸ್ಕಾಂಗೆ 1912. ಲೈನ್‌ಮನ್ ನಂಬರು ಬೇರೆಯೇ ಬರೆದಿಡಿ. ತಗ್ಗಿನ ಓಣಿಗೆ ನೀರು ನುಗ್ಗುವ ಮೊದಲು ಅಲ್ಲಿನ ಟಿಸಿ (ಟ್ರಾನ್ಸ್‌ಫಾರ್ಮರ್) ಬಂದ್ ಆಗಬೇಕು.

ಈ ಎಲ್ಲವನ್ನೂ ಒಂದು ಸಲ ಆಡಿ ನೋಡದೆ ಬಿಡಬೇಡಿ. ರಾಯಚೂರು ಜಿಲ್ಲೆಯ ಒಂದು ಹತ್ತಿ ಮಿಲ್ಲಿನಲ್ಲಿ ಬೆಂಕಿ ಡ್ರಿಲ್ ಮಾಡಿಸಿದ್ದೆ. ಗೋಡೆಯ ಮೇಲೆ ಚೆಂದದ ನಕ್ಷೆ, ಬಾಣದ ಗುರುತು, ಎಲ್ಲ ಇತ್ತು. ಗಂಟೆ ಹೊಡೆದಾಗ ನಲವತ್ತು ಜನ ಬಾಣ ಹಿಡಿದು ಹಿಂದಿನ ಷಟರಿಗೆ ಓಡಿದರು. ಷಟರಿಗೆ ಬೀಗ. ಅರಳೆ ಕಳವಾಗುತ್ತದೆ ಅಂತ ಕೀಯನ್ನು ಮಾಲೀಕರ ಮನೆಗೆ ಕಳಿಸಿಬಿಟ್ಟಿದ್ದರು. ನಲವತ್ತು ಜನ ಆ ಬಾಗಿಲ ಮುಂದೆ ಸುಮ್ಮನೆ ನಿಂತಿದ್ದನ್ನು ನೋಡಿದಾಗ ನನ್ನ ಕೈಕಾಲು ತಣ್ಣಗಾದವು. ಅವತ್ತು ಬೆಂಕಿ ಇರಲಿಲ್ಲ, ಅಷ್ಟೇ. ಸಂಜೆಯೊಳಗೆ ಒಳಗಿನಿಂದ ತೆಗೆಯುವ ಚಿಲಕ ಹಾಕಿಸಿದರು. ನಿಮ್ಮ ಡ್ರಿಲ್ಲನ್ನು ಹಗಲಲ್ಲಿ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ಮಾಡಿ. ಅಧ್ಯಕ್ಷರಿಗೆ ಹೇಳಿ ಅವರು ಬೇಕಂತಲೇ ಫೋನ್ ಆಫ್ ಮಾಡಿಕೊಳ್ಳಲಿ. ಏನು ಕೆಟ್ಟಿತು ಅಂತ ಅವತ್ತೇ ಬರೆದಿಡಿ.

ನೆರೆ ಇಳಿದ ಮೇಲಿನ ವಾರದಲ್ಲಿ ಜನ ಮೈಮರೆಯುತ್ತಾರೆ, ಕಾಯಿಲೆ ಬರುವುದು ಆಗಲೇ. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜೀವ ಹೋದದ್ದು ನೆರೆಯೇ ಇಲ್ಲದ ಬೇಸಿಗೆಯಲ್ಲಿ. ನೆರೆ ಬಂದಾಗ ಎಷ್ಟು ಜಾಗ್ರತೆ ಬೇಕು ಯೋಚಿಸಿ. ತಿಳಿಯಾಗಿರುವ 1,000 ಲೀಟರ್ ನೀರಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ ಸುಮಾರು 2.5 ಗ್ರಾಂ, ಅಂದರೆ 50,000 ಲೀಟರಿನ ಟ್ಯಾಂಕಿಗೆ 125 ಗ್ರಾಂ. ಬಕೆಟ್ಟಿನಲ್ಲಿ ಕಲಸಿ, ಸುಣ್ಣದಂಥ ಗಸಿ ತಳಕ್ಕಿಳಿದ ಮೇಲೆ ಮೇಲಿನ ತಿಳಿ ಮಾತ್ರ ಟ್ಯಾಂಕಿಗೆ ಸುರಿದು ಅರ್ಧ ತಾಸು ಬಿಡಬೇಕು. ರಾಡಿ ನೀರಿಗೆ ಈ ಲೆಕ್ಕ ಸಾಲದು, ಮೊದಲು ಸೋಸಿ ತಿಳಿಯಾಗಿಸಿ. ಪೌಡರಿನ ಚೀಲ ಬಾಯಿ ಬಿಚ್ಚಿ ತಿಂಗಳುಗಟ್ಟಲೆ ಇಟ್ಟಿದ್ದರೆ ಅದರಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಹೊಸ ಚೀಲ ಮಳೆಗಾಲಕ್ಕೆ ಮೊದಲೇ ತರಿಸಿ. ಮನೆಗೆ ಮರಳುವಾಗ ಹಾವು ಇರುತ್ತವೆ, ಕೋಲು ಬಡಿಯುತ್ತಾ ಒಳಗೆ ಹೋಗಿ. ಕಚ್ಚಿದರೆ ಹಗ್ಗ ಬಿಗಿಯುವುದು, ಕೊಯ್ಯುವುದು ಬೇಡ, ನೇರ ಆಸ್ಪತ್ರೆ.

ನೀವು ಕೇಳದೇ ಹೋದ ಎರಡು ಮಾತು, ಚುಟುಕಾಗಿ. ನಮ್ಮ ಕಡೆ ನೆರೆ ಬರದ ವರ್ಷವೂ ಸಿಡಿಲು ಬಿಡುವುದಿಲ್ಲ. ಗುಡುಗು ಕೇಳಿಸಿತೆಂದರೆ ಕುರಿಗಾಹಿಗಳು ಮರದ ಕೆಳಗೆ ನಿಲ್ಲಬಾರದು, ಕೊನೆಯ ಗುಡುಗಿನ ನಂತರ ಅರ್ಧ ತಾಸು ಪಕ್ಕಾ ಮನೆಯೊಳಗೇ ಇರಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಹಮಾಲರ ಲೋಡಿಂಗು ಬೆಳಿಗ್ಗೆ ಹನ್ನೊಂದರೊಳಗೆ ಮುಗಿಯಲಿ, ಗೋದಾಮಿನಲ್ಲಿ ಓಆರ್‌ಎಸ್ ಪೊಟ್ಟಣ ಇರಲಿ. ತಗಡಿನ ಗೋದಾಮಿನೊಳಗಿನ ಬಿಸಿ ಹೊರಗಿನದಕ್ಕಿಂತ ಜಾಸ್ತಿ.

ಮತ್ತೆ ಆ 19ನೇ ಗೇಟಿಗೇ ಬರುತ್ತೇನೆ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸಬಹುದು ಎಂದು ಹೇಳಿದವರು ಹಿರಿಯ ಗೇಟು ತಜ್ಞ ಕನ್ನಯ್ಯ ನಾಯ್ಡು. ಉಕ್ಕಿನ ಆ ಹಲಗೆಗಳು ನಮ್ಮ ಸುತ್ತಲಿನ ವರ್ಕ್‌ಶಾಪುಗಳಲ್ಲೇ ತಯಾರಾದವು. ಆಗಸ್ಟ್ 16ರ ರಾತ್ರಿ ಮೊದಲ ಹಲಗೆ ಕೂತಿತು, ಮರುದಿನದ ಹೊತ್ತಿಗೆ ಕಿಂಡಿ ಮುಚ್ಚಿತು, ಸೋನಾ ಮಸೂರಿ ಗದ್ದೆಗಳಿಗೆ ನೀರು ಉಳಿಯಿತು. ವಾರದೊಳಗೆ ಅದು ಸಾಧ್ಯವಾದದ್ದು ಕೆಲಸ ಬಲ್ಲ ಕೈಗಳು, ವೆಲ್ಡಿಂಗ್ ಅಂಗಡಿಗಳು, ಕ್ರೇನುಗಳು ಹತ್ತಿರದಲ್ಲೇ ಇದ್ದುದರಿಂದ. ನಿಮ್ಮೂರಲ್ಲೂ ಅಂಥ ಕೈಗಳಿವೆ: ಹರಗೋಲು ಹಾಕುವವರು, ಜೆಸಿಬಿ ಡ್ರೈವರ್, ಮೋಟಾರ್ ರಿವೈಂಡಿಂಗ್ ಹುಡುಗ, ನರ್ಸಿಂಗ್ ಓದಿ ಮನೆಯಲ್ಲಿರುವ ಸೊಸೆ. ಅವರ ಹೆಸರು, ನಂಬರು ಒಂದು ಹಾಳೆಯಲ್ಲಿ ಬರೆದು ಗೋದಾಮಿನ ಬಾಗಿಲ ಒಳಮೈಗೆ ಅಂಟಿಸಿ. ಹರಗೋಲಿನವರಿಗೆ ಸೊಸೈಟಿಯಿಂದ ನಾಲ್ಕು ಲೈಫ್ ಜಾಕೆಟ್ ಕೊಡಿಸಿದರೆ ಅದಕ್ಕಿಂತ ಒಳ್ಳೆಯ ಖರ್ಚು ನನಗೆ ತೋಚುತ್ತಿಲ್ಲ.

ಮೇ ಕೊನೆಯ ವಾರದಲ್ಲಿ ಒಂದು ಸಂಜೆ ಬಿಡುವು ಮಾಡಿಕೊಂಡು, ಸುಣ್ಣದ ಡಬ್ಬಿ, ಬ್ರಷ್, ಅಳತೆ ಟೇಪು ಹಿಡಿದು ಗುಡಿಯ ಹತ್ತಿರ ಹೋಗಿ. 2009ರ ನೀರು ಕಂಡ ಹಿರಿಯರೊಬ್ಬರನ್ನು, ಶಾಲೆಯ ನಾಲ್ಕು ಮಕ್ಕಳನ್ನು ಜೊತೆಗೆ ಕರೆದುಕೊಳ್ಳಿ. ಮೇಲಿನ ಗೆರೆಯನ್ನು ಆ ಹಿರಿಯರ ಕೈಯಿಂದಲೇ ಹಾಕಿಸಿ. ಉಳಿದ ಎರಡು ಗೆರೆ ಎಲ್ಲಿ ಬರಬೇಕು ಅಂತ ಅಲ್ಲೇ ವಾದವಾಗುತ್ತದೆ, ಆಗಲಿ. ಒಪ್ಪಿದ ಜಾಗದಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಆ ದಿನದ ತಾರೀಕು ಬರೆದು, ನೋಟ್‌ಬುಕ್ಕಿನ ಮೊದಲ ಸಾಲು ಶುರು ಮಾಡಿ.